ಲಗ್ನಪತ್ರಿಕೆಯ ಹಿಂಬದಿ

ಮೊನ್ನೆ ಹಳೇ ಟ್ರಂಕಿನ ಮುಚ್ಚಳ ಎತ್ತಿದ್ದೇ ತಡ, ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಅಡರಿತು. ಸೀರೆಗಳ ಅಡಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿಟ್ಟ ಲಗ್ನಪತ್ರಿಕೆಗಳ ಕಟ್ಟು. ಯಾರದೋ ಮದುವೆಯ ನೆನಪಿಗೆ ಇಟ್ಟುಕೊಂಡದ್ದು ಅಂದುಕೊಳ್ಳಬೇಡಿ. ಅವುಗಳ ಖಾಲಿ ಬದಿಯಲ್ಲಿ ನನ್ನ ದುಂಡು ಅಕ್ಷರದ ಪ್ರಶ್ನೆಗಳಿವೆ. ಮಗಳು ಮೇಘಾಳಿಗೆ ನಾಲ್ಕು ವರ್ಷ ಮನೆಯಲ್ಲೇ ಪಾಠ ಹೇಳಿದವಳು ನಾನು; ಇವು ಅವಳ ನೆನಪಿನ ಶಕ್ತಿ ಬೆಳೆಸಲು ಮಾಡಿದ ಚೀಟಿಗಳು.

ಶಾಲೆಯ ವ್ಯಾನಿನಲ್ಲಿ ಅವಳಿಗೆ ದಿನಾ ವಾಂತಿ. ವ್ಯಾನು ಮುಟ್ಟಳ್ಳಿಯನ್ನೆಲ್ಲ ಸುತ್ತಿ ಭಟ್ಕಳ ಪೇಟೆ ಸೇರುವಷ್ಟರಲ್ಲಿ ಮಗು ಬಸವಳಿಯುತ್ತಿತ್ತು. ಮೂರನೇ ಕ್ಲಾಸಿಗೆ ಬಿಡಿಸಿದೆ. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ ಶಿಕ್ಷಣತಜ್ಞೆಯೂ ಆದೆ. ಇವತ್ತು ಕಲಿಸಿದ್ದನ್ನು ನಾಳೆ ಕೇಳಬೇಕು, ಮೂರು ದಿನ ಬಿಟ್ಟು ಕೇಳಬೇಕು, ವಾರ ಬಿಟ್ಟು ಕೇಳಬೇಕು. ಕೇಳಿದೆ. ದೋಸೆ ಹೊಯ್ಯುತ್ತ ಕೇಳಿದೆ, ಜಡೆ ಹಾಕುತ್ತ ಕೇಳಿದೆ. ಕುಮಟೆಯ ಹತ್ತಿರ ಸಮುದ್ರ ಸೇರುವ ನದಿ ಯಾವುದು ಎಂದರೆ ಅವಳು ಕಣ್ಣು ಮುಚ್ಚಿ, “ಹನ್ನೆರಡು ಹತ್ತಕ್ಕೆ ಅಭಿಜಿನ್ ಲಗ್ನ. ಹೊನ್ನಾವರದಲ್ಲಿ. ಉಡುಗೊರೆ ತರೂದು ಬ್ಯಾಡ,” ಎಂದಳು. ಚೀಟಿ ತಿರುಗಿಸಿ ತಿರುಗಿಸಿ ಮದುವೆಯನ್ನೇ ಬಾಯಿಪಾಠ ಮಾಡಿಕೊಂಡಿದ್ದಳು.

ನಗಬೇಕಿತ್ತು. ಶಾಲೆ ಬಿಡಿಸಿ ಮಗುವನ್ನು ಹಾಳು ಮಾಡಿದಳು ಎಂದು ನಾಳೆ ನಾಲ್ಕು ಜನ ಅಂದರೆ ಏನು ಗತಿ ಎಂಬ ಹೆದರಿಕೆ ನನ್ನನ್ನು ನಗಲು ಬಿಡಲಿಲ್ಲ.

ನಮ್ಮ ಗದ್ದೆಗೆ ಸಸಿ ನೆಡುವ ನೆಟ್ಟಿ ಕೆಲಸಕ್ಕೆ ಬರುವ ಮಾದೇವಿಯಕ್ಕನಿಗೆ ಓದು ಬಾರದು. ಹಾಡು ಮಾತ್ರ ಬೆಳಗಿನಿಂದ ಸಂಜೆಯವರೆಗೂ ಮುಗಿಯದು. ಇಷ್ಟೆಲ್ಲ ಹೇಗೆ ನೆನಪಿಟ್ಟುಕೊಂಡಿರಿ ಎಂದು ಕೇಳಿದ್ದೆ.

“ಒಬ್ಳಿಗೇ ಹೇಳೂಕೆ ಬತ್ತಿಲ್ಲ ತಂಗಿ. ನಾ ಒಂದು ಸೊಲ್ಲು ಹೇಳ್ದೆ ಅಂದ್ರೆ ಆಚೆ ಬದಿಯವ್ರು ಅದನ್ನೇ ತಿರುಗಿ ಹೇಳ್ತ್ರು. ಅಷ್ಟ್ರೊಳಗೆ ನಂಗೆ ಮುಂದಿನ ಸೊಲ್ಲು ಬತ್ತದೆ.”

“ಬರ್ದೇ ಹೋದ್ರೆ?”

“ಮತ್ತೊಂದ್ ಸಲ ಹೇಳ್ತ್ರು. ಬರೂತನ್ಕ ಹೇಳ್ತ್ರು. ಎಂತ ಅವಸರ?”

ಇದನ್ನೂ ನಾನು ಡೈರಿಯಲ್ಲಿ ‘ಹೊಸ ವಿಧಾನ’ ಎಂದು ಬರೆದುಕೊಂಡೆ ನೋಡಿ. ಎರಡು ದಿನ ಮೇಘಾ ಹೇಳಿದ್ದನ್ನೇ ತಿರುಗಿ ಹೇಳಿದೆ, ಹುಡುಗಿ ಅರಳಿದಳು. ಮೂರನೇ ದಿನ ಅವಳು ಒಂದು ಕಡೆ ತಡೆದದ್ದೇ, “ಹೂಂ, ಮುಂದೆ?” ಎಂದು ಮೇಜು ಕುಟ್ಟಿದೆ. ಕಾಯುವುದು ನನ್ನಿಂದ ಆಗಲಿಲ್ಲ. ಅಷ್ಟೇ ವಿಷಯ.

ಈಗ ಅವಳು ಎಂಟನೇ ಕ್ಲಾಸು, ಶಾಲೆಗೇ ಹೋಗುತ್ತಾಳೆ. ಬರೆಯಲು ಕೊಟ್ಟರೆ ಎಲ್ಲ ಸರಿಯಾಗಿ ಬರೆಯುತ್ತಾಳೆ, ಬಾಯಲ್ಲಿ ಕೇಳಿದರೆ ಪ್ರಶ್ನೆ ಮುಗಿಯುವ ಮೊದಲೇ ‘ಗೊತ್ತಿಲ್ಲ’ ಅನ್ನುತ್ತಾಳೆ ಎಂದು ಟೀಚರ್ ಹೇಳಿದರು. ಯಾಕೆ ಹೀಗೆ ಎಂದೂ ಕೇಳಿದರು.

ಟ್ರಂಕಿನ ಮುಂದೆ ಕುಳಿತಿದ್ದಾಗ ಅವಳೂ ಬಂದು ಪಕ್ಕದಲ್ಲಿ ಕುಳಿತಳು. “ನಾ ಪಾಠ ಹೇಳ್ತಿದ್ದ ದಿನದ್ದು ಎಂತಾದ್ರೂ ನೆನಪಿದ್ಯಾ?” ಎಂದೆ. ಲಗ್ನದ ಕತೆ ಹೇಳಿ ನಗಿಸುತ್ತಾಳೆ ಅಂದುಕೊಂಡಿದ್ದೆ.

“ಅತ್ತೆ ಹಸಿರು ಸೀರೆ ಉಟ್ಕಂಡು ಬಂದಿದ್ರಲ, ಅವತ್ತಿಂದು ನೆನಪಿದೆ. ಹದಿನೇಳರ ಮಗ್ಗಿಲಿ ನಾ ನಿಂತೆ. ನೀ ಅವಲಕ್ಕಿ ಬಟ್ಲು ಅತ್ತೆ ಕೈಗೆ ಕೊಡ್ತಾ, ‘ಇದ್ರ ತಲೆ ತೂತು ಕೊಡಪಾನ. ನನ್ನ ಜೀವ್ನ ಇದ್ರ ಹಿಂದೆ ಹಾಳಾತು’ ಅಂದೆ. ಅತ್ತೆ ನಕ್ರು. ನೀನೂ ನಕ್ಕೆ. ನಂಗೆ ಅಷ್ಟೊತ್ತಿಗೆ ಮುಂದಿಂದು ನೆನಪಾಗಿತ್ತು. ಹೇಳ್ಲಿಲ್ಲ.”

ಒಂದೇ ಉಸಿರಿಗೆ ಹೇಳಿದಳು, ಸಿಟ್ಟಿಲ್ಲದೆ, ಎಲ್ಲೂ ತಡವರಿಸದೆ. ನಾನು ತಲೆ ಕೆರೆದುಕೊಂಡೆ. ಹಸಿರು ಸೀರೆಯಾಗಲಿ ಅವಲಕ್ಕಿಯಾಗಲಿ, ಆ ದಿನದ್ದು ನನಗೆ ಏನೆಂದರೆ ಏನೂ ನೆನಪಿಲ್ಲ. ಆದರೆ ಅವಳು ಸುಳ್ಳು ಹೇಳುವವಳಲ್ಲ.

“ನಂಗೆ ನೆನಪೇ ಇಲ್ಲ ಮಗಾ. ತಪ್ಪಾತು,” ಎಂದೆ.

“ನೆನಪೇ ಇಲ್ದಿದ್ರೆ, ತಪ್ಪಾತು ಅಂತ ಎಂತಕ್ಕೆ ಹೇಳ್ತೆ?”

ಕುಹಕದ ಮಾತಲ್ಲ ಅದು. ಅವಳಿಗೆ ನಿಜವಾಗಿ ಉತ್ತರ ಬೇಕಿತ್ತು. ನನ್ನ ಮುಖ ನೋಡುತ್ತ ತುಂಬಾ ಹೊತ್ತು ಕಾದಳು. ಕೊನೆಗೆ, “ಇರ್ಲಿ ಬಿಡು,” ಎಂದು ಎದ್ದು ಹೋದಳು.