ಕರಡಿಗೆಯಲ್ಲಿ ಗುಳಿಗೆ

ನಮ್ಮ ಕ್ಯಾಂಪಸ್ಸಿನ ಗೇಟಿಗೆ ವಾರಕ್ಕೆ ಮೂರು ದಿನ ಧರ್ಮ ಬರುತ್ತಿತ್ತು. ಹಳೆಯ ಮೊಪೆಡ್ ಮೇಲೆ, ಹಿಂದಿನ ಕ್ಯಾರಿಯರ್‌ಗೆ ಸ್ಪೀಕರ್ ಕಟ್ಟಿಸಿಕೊಂಡು, ಮಧ್ಯಾಹ್ನ ಮೂರಕ್ಕೆ ಕ್ಲಾಸ್ ಬಿಡುವ ಹೊತ್ತಿಗೆ ಸರಿಯಾಗಿ. ತರುವವರು ಅರವತ್ತು ದಾಟಿದ ಒಬ್ಬ ಯಜಮಾನರು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಸ್ಪೀಕರ್ ಮಾತ್ರ ಅವರದಲ್ಲ, ಗುಜರಿ ಸಾಮಾನು ಕೊಳ್ಳುವ ಅವರ ಅಳಿಯನದು. ಬಟನ್ ತಪ್ಪಿ ಒತ್ತಿದರೆ ಪ್ರವಚನದ ನಡುವೆ ರೆಕಾರ್ಡಿನೊಳಗಿನ ಅಳಿಯ ಎದ್ದು, "ಹಳೇ ಕಬ್ಬಿಣಾ, ಹಳೇ ತಗಡಾ, ಒಡದ ಕೊಡಾ, ಪ್ಲಾಸ್ಟಿಕ್ ಚೇರಾ" ಎಂದು ಕೂಗುತ್ತಿದ್ದ. ಯಜಮಾನರು ನಾಚಿದ್ದನ್ನು ನಾನು ನೋಡಲಿಲ್ಲ. ಬಟನ್ ಸರಿ ಮಾಡಿಕೊಂಡು, ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು.

ಅವರದು ಕೂತು ಕೇಳುವ ಪ್ರವಚನವಲ್ಲ. ದಾರಿಯಲ್ಲಿ ಹೋಗುವವರನ್ನು ತಡೆದು ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದರು.

"ಏ ತಮ್ಮಾ, ನಿಂದರು. ಮುಂಜಾನಿ ಏನ ತಿಂದಿ?"

"ಪೂರಿ ರೀ."

"ಪೂಜಾ ಮಾಡಿ ತಿಂದ್ಯೋ, ಹಂಗ ತಿಂದ್ಯೋ?"

"ಹಸಿವಿ ಆಗಿತ್ತು, ಹಂಗ ತಿಂದೆ ರೀ."

"ಅಂದ್ರ ಅದು ಪೂರಿ ಅಲ್ಲ, ಹೊಲಸು! ಹೊಲಸು ತಿಂದು ಬಂದೀ ನೀನು!"

"ಛಲೋ ಇತ್ತು ಬಿಡ್ರಿ ಮುತ್ಯಾ. ನಾಳೆ ನಿಮಗೂ ಒಂದು ಪ್ಲೇಟ್ ತರತೀನಿ, ಬಾಜಿ ಜಾಸ್ತಿ ಹಾಕಿಸಿ."

ನನ್ನ ಜೊತೆ ಯಾವಾಗಲೂ ಇರುತ್ತಿದ್ದ ಗೆಳತಿ ಗಂಗಾವತಿಯವಳು, ಮುಸ್ಲಿಂ ಮನೆಯವಳು. ಅವಳನ್ನು ಕಂಡರೆ ಯಜಮಾನರು ಮೈಕ್ ಕೆಳಗಿಳಿಸಿ, "ನೀ ಹೋಗವ್ವ, ನಿನ್ನ ವಿಚಾರಿಸೋರು ಬ್ಯಾರೇ ಅದಾರ" ಎಂದು ಮರ್ಯಾದೆಯಿಂದ ದಾರಿ ಬಿಡುತ್ತಿದ್ದರು.

"ಖರೇ ಹೇಳ್ಯಾರ," ಎನ್ನುತ್ತಿದ್ದಳು ಅವಳು. "ನಮ್ಮ ಓಣ್ಯಾಗೂ ಒಬ್ಬ ಚಾಚಾ ಅದಾರ. ತಲಿಮ್ಯಾಗಿನ ಓಢಣಿ ಎಷ್ಟ ಬೆರಳು ಹಿಂದ ಸರದೈತಿ ಅಂತ ದೂರದಿಂದನ ಅಳೀತಾರ. ಪಾಪ, ಸರ್ವೇ ಇಲಾಖೆದಾಗ ಇರಬೇಕಿತ್ತು."

ನಾನು ಚೀಲವನ್ನು ಎದೆಗೆ ಒತ್ತಿಕೊಂಡು ಅವಳ ಹಿಂದೆ ಸರಸರ ದಾಟುತ್ತಿದ್ದೆ. ನನ್ನ ಕೊರಳಲ್ಲಿ ಶಿವದಾರವಿತ್ತು, ಅದರ ತುದಿಗೆ ಬೆಳ್ಳಿಯ ಕರಡಿಗೆ. ಇಷ್ಟಲಿಂಗ ಇಟ್ಟುಕೊಳ್ಳುವ ಪುಟ್ಟ ಡಬ್ಬಿ ಅದು. ನಮ್ಮ ಮನೆಗಳಲ್ಲಿ ಅದನ್ನು ಕೊರಳಿಗೆ ಕಟ್ಟಿದ ಮೇಲೆ ಮಣ್ಣಿಗೆ ಹೋಗುವವರೆಗೂ ಬಿಚ್ಚುವಂತಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಬಾಯಿಗೆ ತುತ್ತು.

ನನ್ನ ಕರಡಿಗೆಯಲ್ಲಿ ಲಿಂಗ ಇರಲಿಲ್ಲ. ತಲೆನೋವಿನ ಗುಳಿಗೆಗಳಿದ್ದವು.

ಇದರಲ್ಲಿ ಬಂಡಾಯ ಏನೂ ಇರಲಿಲ್ಲ. ಕುಷ್ಟಗಿಯಿಂದ ಕೊಪ್ಪಳಕ್ಕೆ ಆರೂವರೆಯ ಬಸ್ ಹಿಡಿಯಬೇಕಿತ್ತು. ಪೂಜೆ ಮೊದಲು ಬೆಳಿಗ್ಗೆಯಿಂದ ಸಂಜೆಗೆ ಹೋಯಿತು, ಸಂಜೆಯಿಂದ ಸೋಮವಾರಕ್ಕೆ, ಸೋಮವಾರದಿಂದ ಅಮಾವಾಸ್ಯೆಗೆ. ಪ್ರತಿ ಸಲ ಮುಂದೂಡಿದಾಗಲೂ ಏನಾದರೂ ಆದೀತು ಎಂದು ಕಾದೆ. ಆ ಸೆಮಿಸ್ಟರ್ ಹಿಂದಿನದಕ್ಕಿಂತ ಹೆಚ್ಚು ಅಂಕ ಬಂದವು. ನಾನು ಓದುತ್ತಿದ್ದುದು ಗಣಿತ. ಸಮೀಕರಣದಿಂದ ಒಂದು ಪದವನ್ನು ತೆಗೆದರೂ ಉತ್ತರ ಬದಲಾಗದಿದ್ದರೆ, ಆ ಪದಕ್ಕೆ ಅಲ್ಲೇನು ಕೆಲಸ ಎಂದು ಕೇಳುವ ಚಟ. ಒಂದು ಭಾನುವಾರ ಲಿಂಗವನ್ನು ಹತ್ತಿಯಲ್ಲಿ ಸುತ್ತಿ, ಹೈಸ್ಕೂಲಿನ ಕಂಪಾಸ್ ಪೆಟ್ಟಿಗೆಯಲ್ಲಿಟ್ಟು, ಪುಸ್ತಕಗಳ ಹಿಂದೆ ಸರಿಸಿದೆ. ಬಸ್ಸಿನಲ್ಲಿ ನನಗೆ ತಲೆ ನೋಯುತ್ತಿತ್ತು, ಖಾಲಿ ಡಬ್ಬಿ ಕೊರಳಲ್ಲೇ ಇತ್ತು. ಹೀಗೆ ಗುಳಿಗೆ ಒಳಗೆ ಬಂದವು. ಪರೀಕ್ಷೆಯ ದಿನ ಮಾತ್ರ ಕಂಪಾಸ್ ಪೆಟ್ಟಿಗೆ ತೆರೆದು ಒಮ್ಮೆ ನೋಡಿ ಮುಚ್ಚುತ್ತಿದ್ದೆ. ಇದನ್ನು ಗೆಳತಿಗೂ ಹೇಳಿಲ್ಲ.

ದೇವರ ಹೆದರಿಕೆ ನನಗೆ ಅಷ್ಟಿರಲಿಲ್ಲ. ಹೆದರಿಕೆ ಇದ್ದದ್ದು ಅಜ್ಜಿಯದು. ಅವಳು ಕೊರಳಲ್ಲಿ ಲಿಂಗ ಇದ್ದವರ ಕೈಯ ಅಡಿಗೆಯನ್ನು ಮಾತ್ರ ಉಣ್ಣುವವಳು. ಲಿಂಗವಿಲ್ಲದವರು ಅವಳ ಭಾಷೆಯಲ್ಲಿ ಭವಿಗಳು. ಮದುವೆ ಮನೆಗೆ ಹೋದರೂ ಬುತ್ತಿ ಕಟ್ಟಿಕೊಂಡು ಹೋಗುತ್ತಾಳೆ. ಸಂಧಿವಾತದಿಂದ ಅವಳ ಬೆರಳ ಗಂಟುಗಳು ಊದಿ, ರೊಟ್ಟಿ ಬಡಿಯುವುದು ನಿಂತು ಎರಡು ವರ್ಷವಾಗಿತ್ತು. ಕತ್ತಲಾಗುವುದರೊಳಗೆ ಅವಳ ಊಟ ಮುಗಿಯಬೇಕು, ತಾವರಗೇರಾದ ಸಾಲೆಯಲ್ಲಿ ಕಲಿಸುವ ಅವ್ವ ಮನೆಗೆ ಬರುವುದು ಏಳಕ್ಕೆ. ಹಾಗಾಗಿ ಸಂಜೆಯ ರೊಟ್ಟಿ ನನ್ನದು. ದಿನವೂ ನಾನು ಬಡಿಯುತ್ತಿದ್ದೆ, ಅವಳು ಉಣ್ಣುತ್ತಿದ್ದಳು, ಕರಡಿಗೆ ಇಬ್ಬರ ನಡುವೆ ತೂಗುತ್ತಿತ್ತು.

ಆ ದಿನ ಬಸ್ ತಡವಾಗಿತ್ತು, ಗೇಟಿನಲ್ಲಿ ಜನ ಹೆಚ್ಚಿದ್ದರು. ಯಜಮಾನರು ಮೊದಲ ವರ್ಷದ ಮೂವರು ಹುಡುಗಿಯರನ್ನು ನಿಲ್ಲಿಸಿಕೊಂಡು ಅವರ ಖಾಲಿ ಕೊರಳಿನ ಬಗ್ಗೆ ಮೈಕಿನಲ್ಲಿ ಕೇಳುತ್ತಿದ್ದರು. ಒಬ್ಬಳ ಕಣ್ಣು ತುಂಬಿತ್ತು. ಅಷ್ಟರಲ್ಲಿ ನನ್ನ ದುಪಟ್ಟಾ ಸರಿದು ಶಿವದಾರ ಕಂಡಿರಬೇಕು.

"ಇಲ್ಲಿ ನೋಡ್ರಿ! ಈ ತಂಗೀನ ನೋಡ್ರಿ! ಸದ್ದಿಲ್ಲ, ಗದ್ದಲಿಲ್ಲ, ಕೊಳ್ಳಾಗ ಲಿಂಗ ಐತಿ! ಕಲೀರಿ ಇವಳ ಕಡಿಂದ! ಇಂಥಾಕೀನ ಹಡದ ತಾಯಿ ಪುಣ್ಯಾ ಮಾಡಿದಾಕಿ!"

ಅವ್ವನ ಪುಣ್ಯ ರಸ್ತೆಯಾಚೆಯ ಝೆರಾಕ್ಸ್ ಅಂಗಡಿಯವರೆಗೂ ಕೇಳಿಸಿತು.

ಬೈದಿದ್ದರೆ ತಲೆ ತಗ್ಗಿಸಿ ದಾಟುತ್ತಿದ್ದೆ. ಬೈಸಿಕೊಳ್ಳುವುದು ನನಗೆ ಕಷ್ಟವಲ್ಲ. ಆದರೆ ಅವರು ಹೊಗಳಿದರು, ಅದೂ ಅಳುವ ಹುಡುಗಿಯ ಮುಂದೆ, ಅದೂ ತಪ್ಪಾಗಿ. ಬೋರ್ಡಿನ ಮೇಲೆ ತಪ್ಪು ಸಾಲು ಇದ್ದರೆ ನನಗೆ ಮುಂದಿನ ಸಾಲು ಬರೆಯಲು ಆಗುವುದಿಲ್ಲ.

"ಇದರಾಗ ಲಿಂಗ ಇಲ್ಲ ರೀ," ಎಂದೆ. ಅವರು ಮೈಕನ್ನು ಆಗಲೇ ನನ್ನ ಬಾಯಿಯ ಮುಂದೆ ಹಿಡಿದಿದ್ದರು.

"ಏನಂದಿ?"

"ಗುಳಿಗಿ ಅದಾವ್ರಿ. ತಲಿನೋವಿನವು."

ತೆರೆದು ತೋರಿಸಿದೆ. ಒಂದು ಗುಳಿಗೆ, ಪಟ್ಟಿಯಿಂದ ಕತ್ತರಿಸಿಕೊಂಡಿದ್ದು, ಜಾರಿ ಧೂಳಿಗೆ ಬಿತ್ತು. ಯಜಮಾನರು ಬಗ್ಗಿ ಅದನ್ನು ಎತ್ತಿಕೊಂಡು, ಧೂಳು ಒರೆಸಿ, ಕಣ್ಣಿನ ಹತ್ತಿರ ಹಿಡಿದು ಹಿಂಬದಿಯ ಅಕ್ಷರ ಓದಿದರು.

"ಇದರ ತಾರೀಖು ಮುಗದೈತಿ ತಂಗಿ," ಎಂದರು. ಮೈಕ್ ಆನ್ ಇತ್ತು.

ಎದ್ದ ನಗೆಗೆ ಗೇಟಿನ ಕಾವಲುಗಾರನೂ ಕುರ್ಚಿ ಬಿಟ್ಟು ಬಂದ. ಅಳುತ್ತಿದ್ದ ಹುಡುಗಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಯಜಮಾನರು ಮಾತ್ರ ನಗಲಿಲ್ಲ. ಗುಳಿಗೆಯನ್ನು ನನ್ನ ಅಂಗೈಯಲ್ಲಿಟ್ಟು, "ಹೊಸಾದು ತಗೋ," ಎಂದು ಮೆಲ್ಲಗೆ ಹೇಳಿ, ಸ್ಪೀಕರಿನ ವೈರು ಸುತ್ತತೊಡಗಿದರು.

ಬಸ್ ಕುಷ್ಟಗಿಯ ದಾರಿಯಲ್ಲಿರುವಾಗಲೇ ಗೆಳತಿ ಫೋನ್ ಮಾಡಿದಳು. "ನಿನ್ನ ವಿಡಿಯೋ ಎಲ್ಲಾ ಗ್ರೂಪಿನ್ಯಾಗ ಬಂದೈತಿ. ಒಂದರಾಗ ನಾಸ್ತಿಕಿ ಅಂದಾರ, ಇನ್ನೊಂದರಾಗ ಮೆಡಿಕಲ್ ಶಾಪ್ ಅಂದಾರ. ಅಳಬ್ಯಾಡ, ದುಪಟ್ಟಾ ಕಲರ್ ಛಲೋ ಕಾಣತೈತಿ."

ಯಲಬುರ್ಗಾದ ನಮ್ಮ ಸೋದರತ್ತೆ ಅದನ್ನು ನೋಡಿ, ನಾನು ಇಳಿಯುವುದರೊಳಗೆ ಮನೆಗೆ ಸುದ್ದಿ ಮುಟ್ಟಿಸಿದ್ದಳು. ಅಡಿಗೆಮನೆಯಲ್ಲಿ ಅಜ್ಜಿ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು.

"ಎಷ್ಟ ದಿನಾ ಆತು?"

"ವರ್ಷ ಆಗಾಕ ಬಂತು, ಆಯಿ."

"ವರ್ಷದಿಂದ ಭವಿ ಕೈಯಾಗ ಉಂಡೆ ನಾನು." ದನಿ ಏರಿಸಲಿಲ್ಲ. ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು.

ಊದಿದ ಆ ಬೆರಳುಗಳಿಂದ ಅವಳು ರೊಟ್ಟಿ ಬಡಿಯುವುದನ್ನು ನೋಡುತ್ತ ನಿಂತೆ. ಒಂದು ಕಡೆ ಹಪ್ಪಳದಷ್ಟು ತೆಳ್ಳಗೆ, ಇನ್ನೊಂದು ಕಡೆ ಹಾಸುಗಲ್ಲಿನಷ್ಟು ದಪ್ಪ. ಎರಡು ಮುಗಿಯುವಷ್ಟರಲ್ಲಿ ಅವಳ ಕೈ ನಿಂತಿತು.

"ನಾಳೆಯಿಂದ ಕಟ್ಕೋತೀನಿ," ಎಂದೆ. "ಕಂಪಾಸ್ ಬಾಕ್ಸಿನ್ಯಾಗ ಐತಿ, ಒಗದಿಲ್ಲ."

"ಯಾರ ಸಲುವಾಗಿ?"

"ನಿನ್ನ ಸಲುವಾಗಿ."

"ನನ್ನದು ನನ್ನ ಕೊಳ್ಳಾಗ ಐತಿ. ರೊಟ್ಟಿ ಸಲುವಾಗಿ ಕಟ್ಕೋಬ್ಯಾಡ. ನಾ ಇನ್ನೊಂದ್ಸಲ ಮೋಸ ಹೋಗಾಕ ತಯಾರಿಲ್ಲ." ಬೆಂದ ಎರಡರಲ್ಲಿ ದಪ್ಪನೆಯದನ್ನು ನನ್ನ ತಾಟಿಗೆ ಹಾಕಿದಳು. "ತಿನ್ನು. ಭವಿಗೆ ನೀಡಬಾರದಂತ ಏನಿಲ್ಲ."

ಏಳಕ್ಕೆ ಬಂದ ಅವ್ವ ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಶುರು ಮಾಡಿದಳು. "ನನಗ ದೀಪಾವಳಿಗೇ ಗೊತ್ತಾಗಿತ್ತು, ಕರಡಿಗಿ ತಿಕ್ಕಾಕ ತಗದಾಗ. ಬಾಯಿ ಮುಚಗೊಂಡಿದ್ದೆ. ನಿನಗ ಸುಮ್ನಿರಾಕ ಏನಾಗಿತ್ತು? ಹುಟ್ಟಿದಾಗಿಂದ ಅದೊಂದ ಕೆಲಸ ಛಲೋ ಮಾಡತಿದ್ದಿ!"

ಅಪ್ಪ ಟಿವಿಯ ಧ್ವನಿ ಹೆಚ್ಚಿಸಿದರು. ರೊಟ್ಟಿಯ ವಿಷಯದಲ್ಲಿ ಅವರು ಯಾವತ್ತೂ ತೀರ್ಪು ಕೊಟ್ಟವರಲ್ಲ.

ಅವ್ವ ಬೆಳಿಗ್ಗೆಯೇ ಸಂಜೆಯ ರೊಟ್ಟಿ ಬಡಿದಿಟ್ಟು ಹೋಗುತ್ತೇನೆ ಎಂದಳು. ತಂಗಳು ರೊಟ್ಟಿ ಬೇಡ ಎಂದಳು ಅಜ್ಜಿ. ನಾಲ್ಕು ದಿನ ತಾನೇ ಬಡಿದಳು. ಐದನೆಯ ದಿನ ಬೆರಳು ಮಡಿಚಲು ಬರಲಿಲ್ಲ. ನಾನು ಕಾಲೇಜಿನಿಂದ ಬಂದಾಗ ಮಂಡಕ್ಕಿಯ ಚೀಲ ಬಿಚ್ಚಿಕೊಂಡು ಕೂತಿದ್ದಳು. ಅವಳ ಹಟ ನೋಡಿ ನನಗೂ ಸಿಟ್ಟು ಬಂತು.

"ಈ ಮಂಡಕ್ಕಿ ಹುರದಾವನ ಕೊಳ್ಳಾಗ ಲಿಂಗ ಇತ್ತೇನು, ಆಯಿ?"

"ಇಲ್ಲಂತ ಅಂವ ಬಂದು ನನಗೇನ ಹೇಳಿಲ್ಲಲ್ಲ."

"ನಾನೂ ಹೇಳಿರಲಿಲ್ಲ. ಆವಾಗ ಉಂಡಿ."

"ಈಗ ಹೇಳಿದಿ. ಗೇಟಿನ್ಯಾಗ ನಿಂತು, ಮೈಕಿನ್ಯಾಗ, ಊರಿಗೆಲ್ಲಾ ಹೇಳಿದಿ. ಎದುರಿಗೆ ಕುಂತು ಉಣ್ಣಾಕಿಗೆ ಹೇಳಲಿಲ್ಲ."

ಇಡೀ ಒಂದು ವರ್ಷ ನನ್ನಲ್ಲೇ ನಡೆಸಿಕೊಂಡಿದ್ದ ವಾದದಲ್ಲಿ ಈ ಸಾಲು ಬಂದಿರಲಿಲ್ಲ. ದೇವರು ಇದ್ದಾನೋ ಇಲ್ಲವೋ ಎಂಬುದಕ್ಕೆ ನನ್ನ ಬಳಿ ಪುಟಗಟ್ಟಲೆ ಇತ್ತು.

"ತಪ್ಪಾತು," ಎಂದೆ.

"ಹೂಂ." ಮಂಡಕ್ಕಿಯನ್ನು ಬೋಗುಣಿಗೆ ಸುರುವಿದಳು. ಎಣ್ಣೆಯ ಬಾಟಲಿ ಹಿಡಿಯಲು ಹೋಗಿ, ಆಗದೆ, ಕೈ ಹಿಂತೆಗೆದಳು. ನಾನು ಮುಚ್ಚಳ ತೆಗೆದು ಅವಳ ಮುಂದಿಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಮನಸ್ಸಿನಲ್ಲೇ ಯಾವುದೋ ಕಾನೂನಿನ ಪುಟ ತಿರುವಿದಳು.

"ಬೆಂಕಿ ಮುಟ್ಟಿದ್ದು ನಿನ್ನ ಕೈಯಿಂದ ಬ್ಯಾಡ," ಎಂದಳು ಕೊನೆಗೆ. "ಉಳ್ಳಾಗಡ್ಡಿ ಹೆಚ್ಚಿದ್ರ ಅಡ್ಡಿ ಇಲ್ಲ. ಸಣ್ಣಗ ಹೆಚ್ಚು."

ನಾನು ಈರುಳ್ಳಿಯನ್ನು ಆದಷ್ಟು ಸಣ್ಣಗೆ ಹೆಚ್ಚಿದೆ.