ಮುನಿಗಂಗಮ್ಮನ ಎಡಗಾಲು

ಸೂಲಿಬೆಲೆ ಹತ್ತಿರದ ಹಳ್ಳಿಯ ಮುನಿಗಂಗಮ್ಮ ಅರವತ್ತೆಂಟು ದಾಟಿದ ಮೇಲೂ ಡೇರಿಗೆ ತಾನೇ ಹಾಲು ಹಾಕಿಬರುತ್ತಿದ್ದಳು. ಕ್ಯಾನು ಹಿಡಿದು ಹೊರಟವಳು ಪಿಳ್ಳಣ್ಣನ ಅಂಗಡಿ ಮುಂದೆ ನಿಲ್ಲುವಳು, ಮತ್ತೆ ನೀರಿನ ಟ್ಯಾಂಕಿನ ಹತ್ತಿರ ನಿಲ್ಲುವಳು. ನಿಂತಲ್ಲೆಲ್ಲ ಯಾರನ್ನಾದರೂ ಮಾತಿಗೆಳೆಯುವಳು. ಹರಟೆಮಲ್ಲಿ ಎಂದು ಊರು ನಗುತ್ತಿತ್ತು. ಎಡ ಮೀನಖಂಡ ಹಿಂಡಿದಂತಾಗಿ ಹೆಜ್ಜೆ ಕೀಳಲಾಗದೆ ನಿಲ್ಲುತ್ತಾಳೆ, ನಿಂತರಷ್ಟೇ ನೋವು ಇಳಿಯುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಗಂಡ ಸಂಜೀವಪ್ಪನಿಗೆ ಹೇಳಿದರೆ, "ವಯಸ್ಸಾದ್ಮೇಲೆ ಕಾಲು ನೋಯ್ದೆ ಇನ್ನೇನು ಕೊಂಬು ನೋಯ್ತದಾ?" ಎಂದಿದ್ದ.

ಮಳೆಗಾಲದಲ್ಲಿ ಹಸು ಅವಳ ಕಾಲ್ಬೆರಳು ತುಳಿಯಿತು. ಗಾಯ ಮಾಯಲಿಲ್ಲ, ಬೆರಳು ಕಪ್ಪಾಯಿತು. ಮಗ ಭೀಮರಾಜ್ ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ಹೋದ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಬಿಡಿಸಿ ಹೇಳಿದರು: ತೊಡೆಯಿಂದ ಕೆಳಕ್ಕೆ ರಕ್ತನಾಳ ಕಟ್ಟಿಕೊಂಡಿದೆ. ಅವಳದೇ ಕಾಲಿನ ಇನ್ನೊಂದು ರಕ್ತನಾಳ ತೆಗೆದು ಬಳಸುದಾರಿ ಜೋಡಿಸಿದರೆ ಪಾದಕ್ಕೆ ರಕ್ತ ಇಳಿಯುತ್ತದೆ. ಬೆರಳು ಹೋದರೂ ಕಾಲು ಉಳಿಯಬಹುದು. "ಆದ್ರೆ ತಡ ಮಾಡ್ಬೇಡಿ. ಈ ವಾರವೇ ಆಗ್ಬೇಕು."

"ಮಾಡಿ ತಾಯಿ," ಎಂದಳು ಮುನಿಗಂಗಮ್ಮ.

ಸಂಜೀವಪ್ಪ ಅವಳ ಕಡೆ ನೋಡಲೇ ಇಲ್ಲ. ಮಗನಿಗೆ ಹೇಳಿದ: "ಈ ವಯಸ್ಸಲ್ಲಿ ಕುಯ್ಸಿ ಏನ್ಮಾಡದು? ಇವಳೇನು ಇನ್ನು ಓಡ್ಬೇಕಾ? ನಡಿಯೋ ಮನೆಗೆ."

ಭೀಮರಾಜ್ ಗಾಡಿಯನ್ನು ಮನೆ ಕಡೆ ತಿರುಗಿಸಿದ. ನಂದಗುಡಿ ಕಡೆಯ ನಾಟಿವೈದ್ಯನೊಬ್ಬ ಸೊಪ್ಪು ಅರೆದು ಪಟ್ಟು ಹಾಕಿದ. ಕೊಳೆತ ವಾಸನೆ ನಡುಮನೆಗೆಲ್ಲ ಹರಡಿದಾಗ ಸೊಸೆ ಕವಿತ ಯಾರನ್ನೂ ಕೇಳದೆ ಆಂಬ್ಯುಲೆನ್ಸ್ ಕರೆಸಿದಳು. ಅಷ್ಟರಲ್ಲಿ ಪಾದವೆಲ್ಲ ಸತ್ತು, ಕೀವು ಮೇಲಕ್ಕೇರಿತ್ತು. ಜೀವ ಉಳಿಸಲು ಮಂಡಿಯ ಮೇಲಕ್ಕೆ ಕಾಲು ಕತ್ತರಿಸಬೇಕಾಯಿತು.

ಮರುವರ್ಷ ಸಂಜೀವಪ್ಪನ ಬಲಗಾಲು ತಣ್ಣಗಾಯಿತು. ಕುಳಿತರೂ ನೋವು, ಮಲಗಿದರೂ ನೋವು. "ಲೇ ಭೀಮ, ಗಾಡಿ ತೆಗಿಯೋ! ಆ ಡಾಕ್ಟರಮ್ಮನ್ತಾವ್ಲೇ ಹೋಗಾಣ!" ಎಂದು ಚೀರಿದ. ಅವನಿಗೆ ಎಪ್ಪತ್ತಮೂರು. ಅಂದು ಮನೆಯಲ್ಲಿ ಯಾರೂ ವಯಸ್ಸಿನ ಮಾತೆತ್ತಲಿಲ್ಲ. ಆಪರೇಷನ್ ಆಯಿತು, ಪಾದ ಬೆಚ್ಚಗಾಯಿತು. ಇನ್ನು ಬೀಡಿ ಮುಟ್ಟಿದರೆ ಜೋಡಿಸಿದ ರಕ್ತನಾಳವೂ ಮುಚ್ಚಿಕೊಂಡೀತು ಎಂದು ಎಚ್ಚರಿಸಿ ಡಾಕ್ಟರಮ್ಮ ಕಳಿಸಿಕೊಟ್ಟರು.

ನೋಡಲು ಬಂದವರಿಗೆಲ್ಲ ಅವನು ಪಂಚೆ ಎತ್ತಿ ಹೊಲಿಗೆ ತೋರಿಸುತ್ತಿದ್ದ. "ಧೈರ್ಯ ಮಾಡ್ಬೇಕು ಕಣಪ್ಪಾ. ಹೆದರ್ಕೊಂಡ್ ಕೂತ್ರೆ ಕಾಲು ಹೋಯ್ತದೆ." ಪಕ್ಕದ ಮಂಚದಲ್ಲಿದ್ದ ಮುನಿಗಂಗಮ್ಮ ಗೋಡೆಗೆ ಮುಖ ತಿರುಗಿಸಿದಳು. ಅಂದಿನಿಂದ ಅವನೊಂದಿಗೆ ಮಾತು ಬಿಟ್ಟಳು.

ದೀಪಾವಳಿ ಕಳೆದ ಮೇಲೆ ಕೊಟ್ಟಿಗೆಯ ಹಿಂದಿನಿಂದ ಹೊಗೆಯ ವಾಸನೆ ಅವಳ ಕಿಟಕಿಗೆ ಬರತೊಡಗಿತು. ಅವಳು ಬಾಯಿ ಬಿಡಲಿಲ್ಲ. ಒಂದು ಬೆಳಿಗ್ಗೆ ಕವಿತಳೇ ಅನುಮಾನದಿಂದ ಕೇಳಿದಳು:

"ಅತ್ತೆ, ಮಾವ ಮತ್ತೆ ಬೀಡಿ ಸೇದ್ತಾವ್ರಾ?"

"ನಂಗೇನವ್ವ ಗೊತ್ತು?" ಎಂದಳು ಮುನಿಗಂಗಮ್ಮ. "ಎದ್ದೋಗಿ ನೋಡಕ್ಕೆ ನಂಗೆ ಕಾಲಿದ್ಯಾ?"