ಅಜ್ಜಿಗೆ ಬೇಯಿಸಿದ ಬೇಳೆ ಅನ್ನ

೧೯೯೭ರ ಮಾತು. ನಾನು ಆಗ ತಿ. ನರಸೀಪುರದಲ್ಲಿ ಮೊದಲ ವರ್ಷದ ಪಿಯುಸಿಗೆ ಸೇರಿದ್ದೆ. ನಮ್ಮೂರು ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲ. ಬಸ್ಸು ಬದಲಾಯಿಸಿಕೊಂಡು ದಿನಾ ಓಡಾಡಿದರೆ ಬೆಳಗಿನ ಕ್ಲಾಸು ಸಿಗುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಸೀಟು ಆಗಿರಲಿಲ್ಲ. ಕೊನೆಗೆ ನಮ್ಮ ಲೆಕ್ಚರರ್ ಒಬ್ಬರು ತಮಗೆ ಗೊತ್ತಿದ್ದ ಮನೆಯ ಹಿತ್ತಲಲ್ಲಿ ಒಂದು ರೂಮು ಕೊಡಿಸಿದರು.

ಮನೆಯವರು ಗೌಡರು, ಗದ್ದೆ, ಹಸು ಎಲ್ಲ ಇದ್ದವರು. ಯಜಮಾನರು, ಅವರ ಹೆಂಡತಿ ಜಯಮ್ಮ, ಯಜಮಾನರ ತಾಯಿ, ಇಷ್ಟೇ ಜನ. "ಹುಡ್ಗ ಯಾವ ಪೈಕಿ ಸಾ?" ಎಂದು ಯಜಮಾನರು ಕೇಳಿದ್ದಕ್ಕೆ ಲೆಕ್ಚರರ್, "ಹೆಮ್ಮರಗಾಲದ ಕಡೆಯವ್ನು, ಚೆನ್ನಾಗಿ ಓದ್ತಾನೆ" ಎಂದು ಮಾತು ಮುಗಿಸಿಬಿಟ್ಟರು. ಅವರು ಕೇಳಿದ್ದು ಊರನ್ನಲ್ಲ. ನಾವು ದಲಿತರು. ಊರಾಚೆಯ ಕಾಲೋನಿಯಲ್ಲಿ ನಮ್ಮ ಮನೆ. ಇದು ಗೊತ್ತಾದರೆ ರೂಮು ಬಿಡಿಸುತ್ತಾರೆ, ರೂಮು ಹೋದರೆ ಓದೂ ಹೋಯಿತು ಎಂಬ ಹೆದರಿಕೆ ಅವತ್ತೇ ಹೊಕ್ಕಿತು.

ಅಡುಗೆ ನನಗೆ ಬರುತ್ತಿರಲಿಲ್ಲ. ಅವ್ವ ಒಂದು ಬತ್ತಿ ಸ್ಟೌ, ಎರಡು ಪಾತ್ರೆ ಕೊಟ್ಟು, ಕಡಿಮೆ ಖರ್ಚಿನದು, ಕೆಡಿಸುವುದಕ್ಕೂ ಆಗದ್ದು ಎಂದು ಹೆಸರುಬೇಳೆ ಅನ್ನ ಹೇಳಿಕೊಟ್ಟಿದ್ದಳು. "ಅಕ್ಕಿ ಎಷ್ಟೋ ಅದ್ರಲ್ಲಿ ಅರ್ಧ ಬೇಳೆ. ಎರಡ್ನೂ ತೊಳ್ದು ಒಟ್ಗೇ ಆಕು. ನೀರು ಜಾಸ್ತಿ ಆದ್ರೆ ಗಂಜಿ ಆಯ್ತದೆ, ಕುಡ್ಕೊ. ಕಮ್ಮಿ ಮಾತ್ರ ಮಾಡ್ಬೇಡ. ಒಸಿ ಜೀರ್ಗೆ, ಒಂದು ಮೆಣಸಿನ್ಕಾಯಿ, ಉಪ್ಪು. ಅಷ್ಟೇ ಕಣಪ್ಪ." ಬೆಳಿಗ್ಗೆ ಅದೇ, ಸಂಜೆಗೂ ಅದೇ. ಟೊಮೆಟೊ ಅಗ್ಗವಾದಾಗ ಒಂದು ಟೊಮೆಟೊ ಹೆಚ್ಚಿ ಹಾಕಿದರೆ ಅವತ್ತು ಹಬ್ಬ.

ಬಾಗಿಲು ಹಾಕಿಕೊಂಡೇ ಬೇಯಿಸುತ್ತಿದ್ದೆ. ಜಯಮ್ಮ ಹಿತ್ತಲಿಗೆ ಬಂದು "ಏನಪ್ಪ ಇವತ್ತು ಅಡ್ಗೆ?" ಎಂದರೆ ಬಾಗಿಲು ತೆಗೆಯದೆ ಒಳಗಿನಿಂದಲೇ ಉತ್ತರಿಸುತ್ತಿದ್ದೆ. ಒಂದು ಸಲ ಬಟ್ಟಲಲ್ಲಿ ಸೊಪ್ಪಿನ ಸಾರು ತಂದುಕೊಟ್ಟರು. ಯಾರಾದರೂ ಬಟ್ಟಲು ಕೊಟ್ಟರೆ ಖಾಲಿ ಹಿಂತಿರುಗಿಸಬಾರದು ಎನ್ನುವುದು ಅವ್ವನ ರೂಢಿ. ನಾನು ತೊಳೆದು ಖಾಲಿಯೇ ಕೊಟ್ಟೆ. ನಾನು ಬೇಯಿಸಿದ್ದನ್ನು ಅದರಲ್ಲಿ ಹೇಗೆ ಹಾಕಿ ಕೊಡಲಿ?

ಭತ್ತದ ಕೊಯ್ಲಿನ ಕಾಲ. ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೊರಟಿದ್ದೆ. ಜಯಮ್ಮ ಕೆದರಿದ ತಲೆಯಲ್ಲೇ ಓಡಿಬಂದರು. ಯಜಮಾನರು ಗದ್ದೆಯ ಹತ್ತಿರ ಟ್ರ್ಯಾಕ್ಟರಿನಿಂದ ಬಿದ್ದಿದ್ದಾರಂತೆ, ಮೈಸೂರಿನ ಆಸ್ಪತ್ರೆಗೆ ಸಾಗಿಸಿದ್ದಾರಂತೆ. "ಅತ್ತೆ ಒಬ್ರೇ ಅವ್ರೆ, ಒಸಿ ನೋಡ್ಕೊಳಪ್ಪ" ಎಂದವರೇ ಬಸ್ ಸ್ಟ್ಯಾಂಡಿನ ಕಡೆ ಹೋಗಿಬಿಟ್ಟರು.

ನಾನು ಕಾಲೇಜಿಗೆ ಹೋಗಲಿಲ್ಲ. ಜಗುಲಿಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗೆ ಚೊಂಬು ಬಿದ್ದು ಉರುಳಿದ ಸದ್ದು. ಹೋಗಿ ನೋಡಿದರೆ ಅಜ್ಜಿ ಕಂಬ ಹಿಡಿದುಕೊಂಡು ಕೂತಿದ್ದಾರೆ. ಹಣೆಯೆಲ್ಲ ಬೆವರು, ಕೈ ಗಡಗಡ.

"ಸಕ್ಕರೆ ಕಾಯ್ಲೆ ಮಾತ್ರೆ ನುಂಗ್ಬುಟ್ಟೆ ಕಣ್ಲಾ. ಒಟ್ಟೇಗೇನೂ ಬಿದ್ದಿಲ್ಲ. ಕಣ್ಣು ಮಂಜಾಯ್ತಾ ಅದೆ" ಎಂದರು.

ಪಕ್ಕದ ಮನೆಗೆ ಓಡಿದೆ, ಬೀಗ. ಎದುರು ಮನೆಗೂ ಬೀಗ. ಬೀದಿಗೆ ಬೀದಿಯೇ ಕೊಯ್ಲಿಗೆ ಹೋಗಿತ್ತು. ರೂಮಿನಿಂದ ಸಕ್ಕರೆ ಡಬ್ಬ ತಂದು ಅಜ್ಜಿಯ ಅಂಗೈಗೆ ಸುರಿದೆ. ನೆಕ್ಕಿ ತಿಂದರು. ಬೆವರು ಸ್ವಲ್ಪ ನಿಂತಿತು.

"ಇದು ಸಾಲ್ದು ಕಣ್ಲಾ. ಅನ್ನ ಬೀಳ್ದಿದ್ರೆ ತಿರ್ಗಾ ಅಂಗೇ ಆಯ್ತದೆ. ಅಡ್ಗೆಮನೇಲಿ ಎಲ್ಲಾ ಅದೆ, ಓಗಿ ಏನಾರ ಮಾಡು."

ಅಡುಗೆಮನೆಯ ಹೊಸಲಿನವರೆಗೆ ಹೋದೆ. ಗ್ಯಾಸ್ ಒಲೆ, ಅಕ್ಕಿ ಡಬ್ಬ ಎಲ್ಲ ಕಣ್ಣೆದುರಿಗೇ ಇತ್ತು. ಕಾಲು ಮಾತ್ರ ಒಳಗೆ ಇಡಲು ಆಗಲಿಲ್ಲ. "ನನ್ ಸ್ಟೌನಲ್ಲೇ ಮಾಡ್ತೀನಿ ಅಜ್ಜಿ" ಎಂದು ರೂಮಿಗೆ ಓಡಿದೆ.

ಆ ಬತ್ತಿ ಸ್ಟೌ ಅವತ್ತು ಉರಿಯಿತೋ ಇಲ್ಲವೋ ಎನ್ನುವಷ್ಟು ನಿಧಾನ. ನೀರು ಕುದಿಯುವುದೇ ಇಲ್ಲ. ಮುಚ್ಚಳ ತೆಗೆದು ನೋಡುವುದು, ಓಡಿಹೋಗಿ "ಅಜ್ಜೀ" ಎಂದು ಕೂಗುವುದು, ಅವರು "ಊಂ" ಅಂದರೆ ಮತ್ತೆ ಓಡಿಬರುವುದು. ಒಂದು ಸಲ "ಊಂ" ಬರಲಿಲ್ಲ. ಹತ್ತಿರ ಹೋಗಿ ಭುಜ ಅಲ್ಲಾಡಿಸಬೇಕೆಂದು ಚಾಚಿದ ಕೈ ಅರ್ಧಕ್ಕೇ ನಿಂತಿತು. ಆಮೇಲೆ ಅಲ್ಲಾಡಿಸಿದೆ. ಕಣ್ಣು ಬಿಟ್ಟರು. ವಾಪಸು ಬರುವಷ್ಟರಲ್ಲಿ ಅನ್ನ ತಳ ಹಿಡಿದಿತ್ತು. ಮೇಲಿನಷ್ಟನ್ನು ತಟ್ಟೆಗೆ ಬಳಿದುಕೊಂಡು ಹೋದೆ.

ತಟ್ಟೆ ಇಡುವ ಮುಂಚೆ ಬಾಯಿ ತಡೆಯಲಿಲ್ಲ. ಸುಮ್ಮನೆ ಉಣಿಸಿ, ನಾಳೆ ಗೊತ್ತಾದರೆ ಮೋಸ ಮಾಡಿದ ಅನ್ನುತ್ತಾರೆಂಬ ಭಯವೋ ಏನೋ. "ಅಜ್ಜೀ, ನಾವು ಕಾಲೋನಿಯೋರು. ನಿಮಗೆ ಬ್ಯಾಡ ಅಂದ್ರೆ ಗದ್ದೆ ಕಡೆ ಓಗಿ ಯಾರನ್ನಾದ್ರೂ ಕರ್ಕೊಂಡ್ ಬತ್ತೀನಿ."

ಅಜ್ಜಿ ತಟ್ಟೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಊರಲ್ಲಿ ನಿಮ್ಮವ್ವ ಅವ್ಳಾ?" ಎಂದು ಕೇಳಿದರು.

"ಅವ್ಳೆ ಅಜ್ಜಿ."

"ಇದು ಬಿಸಿ ಅದೆ. ಆರ್ಸ್ಕೊಡು."

ಟವೆಲಿನಿಂದ ಬೀಸಿ ಆರಿಸಿ ಕೊಟ್ಟೆ. ನಡುಗುವ ಕೈಯಲ್ಲಿ ತುತ್ತು ಮಾಡಿ ಬಾಯಿಗಿಟ್ಟುಕೊಂಡು, "ಉಪ್ಪೇ ಆಕಿಲ್ವಲ್ಲೋ" ಎಂದರು. ಗಾಬರಿಯಲ್ಲಿ ಮರೆತಿದ್ದೆ. ಉಪ್ಪು ತಂದು ಹಾಕಿದೆ. ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ಕೈ ತೊಳೆದ ಮೇಲೆ ಮೆಲ್ಲಗೆ, "ಆ ಮಾತ ಇಲ್ಲಿ ಯಾರ್ ತಾವೂ ಎತ್ಬ್ಯಾಡ ಕಣ್ಲಾ" ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಸಂಜೆ ಜಯಮ್ಮ ಬಂದರು. ಯಜಮಾನರ ಕಾಲು ಮುರಿದಿತ್ತು, ಜೀವಕ್ಕೇನೂ ಆಗಿರಲಿಲ್ಲ. ಅತ್ತೆ ಸೊಸೆ ಒಳಗೆ ಮಾತಾಡುವುದು ನನಗೆ ಕೇಳುತ್ತಿತ್ತು, ಏನು ಅನ್ನುವುದು ತಿಳಿಯುತ್ತಿರಲಿಲ್ಲ. ಆಮೇಲೆ ಹಿತ್ತಲಲ್ಲಿ ಹೆಜ್ಜೆ ಸದ್ದು. ಬಾಗಿಲು ಬಡಿದರು. ನನ್ನ ಟ್ರಂಕಿನಲ್ಲಿ ಬಟ್ಟೆ, ಪುಸ್ತಕ ತುಂಬಲು ಎಷ್ಟು ಹೊತ್ತು ಬೇಕು, ಊರಿಗೆ ಇನ್ನೂ ಬಸ್ಸು ಇದೆಯೋ ಇಲ್ಲವೋ ಎಂದು ಲೆಕ್ಕ ಹಾಕುತ್ತಲೇ ಬಾಗಿಲು ತೆಗೆದೆ.

"ಅತ್ತೆ ಎಲ್ಲಾ ಹೇಳುದ್ರು ಕಣಪ್ಪ" ಎಂದರು ಜಯಮ್ಮ.

ಅವರ ಕಣ್ಣಲ್ಲಿ ನೀರಿತ್ತು. "ನೀನಿಲ್ದಿದ್ರೆ ನಮ್ಮತ್ತೆ ಗತಿ ಏನಾಗೋದೋ" ಎಂದಷ್ಟೇ ಹೇಳಿ ಹೋದರು.

ಆ "ಎಲ್ಲಾ" ಎನ್ನುವುದರಲ್ಲಿ ಏನೇನು ಸೇರಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಪಿಯುಸಿ ಮುಗಿಯುವವರೆಗೂ ಅದೇ ರೂಮಿನಲ್ಲಿದ್ದೆ. ಜಯಮ್ಮ ಸಾರು ಕೊಡುವುದು ನಿಲ್ಲಿಸಲಿಲ್ಲ. ನಾನು ಯಾವ ಪೈಕಿ ಎಂದು ಮತ್ತೆ ಯಾರೂ ಕೇಳಲಿಲ್ಲ. ಅಜ್ಜಿ ಸುಮ್ಮನಿರು ಅಂದದ್ದು ನನ್ನ ರೂಮು ಉಳಿಯಲಿ ಎಂದೋ, ತನ್ನ ಮರ್ಯಾದೆ ಉಳಿಯಲಿ ಎಂದೋ? ಕೇಳುವ ಧೈರ್ಯ ಬರುವ ಮುಂಚೆಯೇ ಅವರು ತೀರಿಕೊಂಡರು.

ಈಗ ನನಗೆ ಕೆಲಸವಿದೆ, ಸ್ವಂತ ಮನೆಯಿದೆ. ಆಫೀಸಿನ ಗೆಳೆಯರು ಊಟಕ್ಕೆ ಬರುತ್ತಾರೆ, ನನ್ನ ಅಡುಗೆಯನ್ನು ಹೊಗಳುತ್ತಾರೆ. ಆದರೂ ಬಡಿಸಿದ ಮೇಲೆ ನಾನು ಕೂರುವುದಿಲ್ಲ. ಅವರ ಮೊದಲ ತುತ್ತು ಬಾಯಿಗೆ ಹೋಗುವವರೆಗೂ ಸೌಟು ಹಿಡಿದು ನಿಂತೇ ಇರುತ್ತೇನೆ.